ಶಾಲೆಯಲ್ಲಿ ಮೊಬೈಲ್: ಪಾಠದ ಹೊತ್ತಿಗೆ ಮಾತ್ರ ಬೇಡವಾ, ಇಡೀ ದಿನ ಬೇಡವಾ?

ಗಣಿತದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಬರುವ ತಿಂಗಳು ನಮ್ಮಲ್ಲಿ ಪೋಷಕರ ಸಭೆ ಇದೆ. ಮೊಬೈಲ್ ನಿಯಮ ಬದಲಾಯಿಸಬೇಕಾ ಅನ್ನೋದೇ ವಿಷಯ. ಅಲ್ಲಿಗೆ ಹೋಗುವ ಮೊದಲು ನಿಮ್ಮೆಲ್ಲರ ಮಾತು ಕೇಳಬೇಕು ಅನಿಸಿತು.

ಈಗಿನ ನಿಯಮ ಹೀಗಿದೆ. ಮೊಬೈಲ್ ತರಬಹುದು. ಪಾಠದ ಹೊತ್ತಿನಲ್ಲಿ ಬ್ಯಾಗಿನಲ್ಲಿರಬೇಕು. ಬಿಡುವಿನಲ್ಲಿ ನೋಡಿಕೊಳ್ಳಬಹುದು. ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಅದನ್ನು ಕಾಯುವ ಕೆಲಸ ಪೂರ್ತಿ ಟೀಚರ್ ತಲೆ ಮೇಲೆ ಬೀಳುತ್ತದೆ.

ಕಳೆದ ವಾರದ ಒಂದು ಪೀರಿಯಡ್ ಹೇಳುತ್ತೇನೆ. ಬೋರ್ಡಿನ ಮೇಲೆ ವರ್ಗ ಸಮೀಕರಣ ಬಿಡಿಸುತ್ತಿದ್ದೆ. ಎರಡನೇ ಸಾಲು ಬರೆದು ತಿರುಗಿದೆ. ಮೂರನೇ ಬೆಂಚಿನ ಹುಡುಗಿಯ ಗಲ್ಲದ ಮೇಲೆ ಕೆಳಗಿನಿಂದ ನೀಲಿ ಬೆಳಕು ಬಿದ್ದಿತ್ತು. "ಒಳಗಿಡಮ್ಮ" ಎಂದೆ. ಇಟ್ಟಳು. ಅಷ್ಟರಲ್ಲಿ ಇಡೀ ಕ್ಲಾಸು ಅವಳ ಕಡೆ ತಿರುಗಿತ್ತು. ಬೋರ್ಡಿನ ಕಡೆ ನೋಡುವವರು ಯಾರೂ ಇರಲಿಲ್ಲ. ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದೆ. ಐದು ನಿಮಿಷಕ್ಕೆ ಇನ್ನೊಬ್ಬ. 40 ನಿಮಿಷದಲ್ಲಿ ನಾಲ್ಕು ಸಲ ಹೀಗಾಯಿತು. ಬೆಲ್ ಹೊಡೆಯಿತು, ಲೆಕ್ಕ ಅರ್ಧಕ್ಕೇ ನಿಂತಿತು.

ಮುಂದಿನ ಪೀರಿಯಡ್ ಟೀಚರ್ ಅಷ್ಟು ಗಟ್ಟಿಯಾಗಿ ಹೇಳುವವರಲ್ಲ. ಮಕ್ಕಳಿಗೆ ಅದೂ ಗೊತ್ತು. ಯಾರ ಕ್ಲಾಸಿನಲ್ಲಿ ತೆಗೆಯಬಹುದು, ಯಾರ ಕ್ಲಾಸಿನಲ್ಲಿ ಆಗಲ್ಲ ಅಂತ ಅವರ ಹತ್ತಿರ ಪೂರ್ತಿ ಲೆಕ್ಕ ಇದೆ.

ಬೆಳಗಿನ ಮೊದಲ ಬೆಲ್‌ನಿಂದ ಸಂಜೆಯ ಕೊನೆ ಬೆಲ್‌ವರೆಗೆ ಮೊಬೈಲ್ ಕೈಗೆ ಸಿಗಬಾರದು. ನನ್ನ ಅಭಿಪ್ರಾಯ ಇದು. ಒಪ್ಪದವರು ದಯವಿಟ್ಟು ಬಿಡಿಸಿ ಹೇಳಿ.

ಇಬ್ಬರು ಮಕ್ಕಳ ಅಮ್ಮ

ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ, ಸಿಟ್ಟಿನಿಂದ ಹೇಳುತ್ತಿಲ್ಲ.

ನನ್ನ ದೊಡ್ಡ ಮಗಳು ಎರಡು ಬಸ್ ಬದಲಾಯಿಸಿ ಶಾಲೆಗೆ ಹೋಗುತ್ತಾಳೆ. ಒಮ್ಮೆ ಮಳೆ ಅಂತ ಶಾಲೆಯನ್ನು ಎರಡು ಗಂಟೆ ಮೊದಲೇ ಬಿಟ್ಟರು. ಆಫೀಸಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಎತ್ತಲಿಲ್ಲ. ಐದಾರು ಸಲ ಮಾಡಿದೆ. ಕೊನೆಗೆ ಮಗಳದ್ದೇ ಮೆಸೇಜ್ ಬಂತು: "ಅಮ್ಮ, ಬಸ್ ಸಿಕ್ಕಿತು." ಆ ಮೂರು ಪದ ಓದಿದ ಮೇಲೆ ಉಸಿರು ಬಂತು.

ಗಮನ, ಅಂಕ ಎಲ್ಲ ಸರಿ. ಮಗು ಎಲ್ಲಿದೆ ಅಂತ ಗೊತ್ತಿಲ್ಲದ ಆ ಅರ್ಧ ಗಂಟೆಗೆ ಯಾರು ಜವಾಬ್ದಾರಿ? ಅದಕ್ಕೆ ಉತ್ತರ ಕೊಟ್ಟು ಆಮೇಲೆ ಮೊಬೈಲ್ ಕೇಳಿ.

ಅಂಕಿಅಂಶ ಓದುವವನು

ಎರಡೂ ಕಡೆಯವರು "ಸಂಶೋಧನೆ ಹೇಳುತ್ತದೆ" ಅಂತ ವಾದ ಮಾಡುವುದನ್ನು ಬೇರೆ ಕಡೆ ತುಂಬಾ ನೋಡಿದ್ದೇನೆ. ಹಾಗಾಗಿ ನಿಜವಾಗಿ ಏನು ಗೊತ್ತಿದೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪಾಠದ ಹೊತ್ತಿನಲ್ಲಿ ಗಮನ ಹೋಗುತ್ತದೆ ಅನ್ನುವುದಕ್ಕೆ ಆಧಾರ ಗಟ್ಟಿಯಾಗಿದೆ. ಪಿಸಾ ಅಂದರೆ ಬೇರೆ ಬೇರೆ ದೇಶಗಳ 15 ವರ್ಷದ ಮಕ್ಕಳಿಗೆ ಒಇಸಿಡಿ ನಡೆಸುವ ಪರೀಕ್ಷೆ. 2022ರ ಪರೀಕ್ಷೆಯ ಜೊತೆ ಮಕ್ಕಳನ್ನು ಈ ಬಗ್ಗೆ ಕೇಳಿದ್ದರು. ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ) ದೇಶಗಳ ಸರಾಸರಿ ನೋಡಿದರೆ, ಗಣಿತದ ಕೆಲವು ಕ್ಲಾಸುಗಳಲ್ಲಾದರೂ ಡಿಜಿಟಲ್ ಸಾಧನದಿಂದ ತಮ್ಮ ಗಮನ ಹೋಗುತ್ತದೆ ಅಂದವರು ಶೇ. 65. ಪಕ್ಕದವರು ಬಳಸುವುದರಿಂದ ಗಮನ ಹೋಗುತ್ತದೆ ಅಂದವರು ಶೇ. 59. ಈ ಎರಡನೇ ಅಂಕಿ ನನಗೆ ಮುಖ್ಯ ಅನಿಸುತ್ತದೆ. "ನನ್ನ ಮಗ ಜವಾಬ್ದಾರಿಯಿಂದ ಬಳಸುತ್ತಾನೆ" ಅನ್ನುವ ಮಾತು ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ಮಗ ಬ್ಯಾಗಿನಲ್ಲೇ ಇಟ್ಟಿರಬಹುದು. ಪಕ್ಕದ ಪರದೆ ಅವನ ಕಣ್ಣಿಗೆ ಬೀಳುತ್ತದೆ, ಅಲ್ವಾ.

ಅಂಕದ ವಿಷಯದಲ್ಲಿ ಅಷ್ಟು ಸಲೀಸಿಲ್ಲ. ಇಂಗ್ಲೆಂಡಿನ ನಾಲ್ಕು ನಗರಗಳ 91 ಶಾಲೆಗಳನ್ನು ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. ನಿಷೇಧ ತಂದ ಶಾಲೆಗಳಲ್ಲಿ 16 ವರ್ಷದವರ ಪರೀಕ್ಷೆಯ ಫಲಿತಾಂಶ ಸ್ವಲ್ಪ ಮೇಲೇರಿತ್ತು. ಆದರೆ ಏರಿಕೆ ಬಂದಿದ್ದು ಹಿಂದೆ ಉಳಿದಿದ್ದ ಮಕ್ಕಳಿಂದ. ಚೆನ್ನಾಗಿ ಓದುವವರಿಗೆ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಅದೇ ರೀತಿಯ ಅಧ್ಯಯನವನ್ನು ಸ್ವೀಡನ್ನಿನಲ್ಲಿ ಮಾಡಿ 2020ರಲ್ಲಿ ಪ್ರಕಟಿಸಿದರು. ಅಲ್ಲಿ ಹೇಳಿಕೊಳ್ಳುವಂಥ ಪರಿಣಾಮ ಸಿಗಲಿಲ್ಲ.

ಮನಸ್ಸಿನ ಆರೋಗ್ಯದ ಬಗ್ಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ್ದನ್ನು ಓದಬೇಕು. 30 ಶಾಲೆ, 1,227 ಮಕ್ಕಳು. ಬಿಗಿ ನಿಯಮದ ಶಾಲೆ, ಸಡಿಲ ನಿಯಮದ ಶಾಲೆ, ಎರಡರಲ್ಲೂ ಮಕ್ಕಳ ಮನಸ್ಸಿನ ಸ್ಥಿತಿ ಹೆಚ್ಚು ಕಡಿಮೆ ಒಂದೇ ಇತ್ತು. ಮೊಬೈಲಿನಲ್ಲಿ ಜಾಸ್ತಿ ಹೊತ್ತು ಇರುವ ಮಕ್ಕಳ ನಿದ್ದೆ, ಓಡಾಟ, ಮನಸ್ಸು ಎಲ್ಲಕ್ಕೂ ಪೆಟ್ಟು ಬಿದ್ದಿರುವುದು ಕಾಣುತ್ತದೆ. ಆದರೆ ಶಾಲೆಯ ನಿಯಮ ಬಿಗಿಯಾದ ಮಾತ್ರಕ್ಕೆ ಇಡೀ ದಿನದ ಒಟ್ಟು ಹೊತ್ತು ಅಷ್ಟೇನೂ ಇಳಿದಿರಲಿಲ್ಲ. ಶಾಲೆಯಲ್ಲಿ ಉಳಿದ ಹೊತ್ತು ಮನೆಯಲ್ಲಿ ಖರ್ಚಾಗಿರಬಹುದು ಅನ್ನೋದು ನನ್ನ ಊಹೆ.

ಟೀಚರ್ ಕೇಳುತ್ತಿರುವುದು ಪಾಠ ಮುಗಿಸಲು ಬೇಕಾದ 40 ನಿಮಿಷವನ್ನು. ಅದಕ್ಕೆ ನಿಯಮ ಸಹಾಯ ಮಾಡುತ್ತದೆ. "ಇದರಿಂದ ಮಕ್ಕಳ ಖಿನ್ನತೆ ವಾಸಿಯಾಗುತ್ತದೆ" ಅಂತ ಮಾತ್ರ ಸಭೆಯಲ್ಲಿ ಭರವಸೆ ಕೊಡಬೇಡಿ. ಮುಂದಿನ ವರ್ಷ ಅದೇ ಮಾತನ್ನು ಹಿಡಿದು ನಿಯಮ ತೆಗೆಸುತ್ತಾರೆ.

ಹತ್ತನೇ ಕ್ಲಾಸ್ ಹುಡುಗಿ

ನಾನು ವಿದ್ಯಾರ್ಥಿನಿ. ಇಲ್ಲಿ ಬರೆಯಬಹುದು ಅಂದುಕೊಂಡಿದ್ದೇನೆ.

ನಾವು ಕ್ಲಾಸಿನಲ್ಲಿ ಸುಮ್ನೆ ಆಟ ಆಡೋಕೆ ಮೊಬೈಲ್ ತೆಗೆಯುತ್ತೇವೆ ಅಂತ ದೊಡ್ಡವರು ಅಂದುಕೊಳ್ಳುತ್ತಾರೆ. ಜಾಸ್ತಿ ಸಲ ಹಾಗಲ್ಲ. ನಮ್ಮ ಕ್ಲಾಸಿನ ಗ್ರೂಪ್ ಇದೆ. ಪಾಠ ನಡೆಯುವಾಗಲೂ ಅದರಲ್ಲಿ ಮೆಸೇಜ್ ಬರುತ್ತಿರುತ್ತದೆ. ಒಂದು ಗಂಟೆ ನೋಡದಿದ್ದರೆ ಅಷ್ಟರಲ್ಲಿ ಯಾರದ್ದೋ ಬಗ್ಗೆ ಏನೋ ಆಗಿರುತ್ತದೆ. ನನ್ನ ಬಗ್ಗೆಯೇ ಆಗಿದ್ದರೆ? ಆ ಭಯಕ್ಕೆ ನೋಡುತ್ತೇನೆ. ನೋಡಿದರೆ ಸಮಾಧಾನವೂ ಆಗಲ್ಲ.

ಹೋದ ವರ್ಷ ಬಿಡುವಿನಲ್ಲಿ ಒಬ್ಬಳು ಅಳುತ್ತಿದ್ದಳು. ಯಾರೋ ಫೋಟೋ ತೆಗೆದರು. ಮುಂದಿನ ಪೀರಿಯಡ್ ಮುಗಿಯುವ ಹೊತ್ತಿಗೆ ಅದಕ್ಕೆ ಏನೇನೋ ಬರೆದು ಎಲ್ಲ ಕಡೆ ಕಳಿಸಿಯಾಗಿತ್ತು. ಅವಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಅದು ಪಾಠದ ಹೊತ್ತಿನಲ್ಲಿ ಆಗಿದ್ದಲ್ಲ, ಬಿಡುವಿನಲ್ಲಿ ಆಗಿದ್ದು.

ನನ್ನೊಬ್ಬಳ ಮೊಬೈಲ್ ತೆಗೆದುಕೊಂಡರೆ ನನಗೆ ಕಷ್ಟ. ಎಲ್ಲರದ್ದೂ ತೆಗೆದುಕೊಂಡರೆ ಗ್ರೂಪಿನಲ್ಲಿ ಯಾರೂ ಇರಲ್ಲ, ಆಗ ನೋಡುವ ಅಗತ್ಯವೂ ಇರಲ್ಲ. ಬಾಯಿಬಿಟ್ಟು ಹೇಳದಿದ್ದರೂ ನನ್ನ ಗೆಳತಿಯರಲ್ಲಿ ಕೆಲವರಿಗೆ ಹೀಗೇ ಅನಿಸುತ್ತದೆ.

ಇನ್ನೊಂದು ಮಾತು. ಟೀಚರ್‌ಗಳೂ ಕ್ಲಾಸಿನಲ್ಲಿ ಮೊಬೈಲ್ ನೋಡಬಾರದು. ನಾವು ಟೆಸ್ಟ್ ಬರೆಯುವಾಗ ಮುಂದೆ ಕುಳಿತವರು ಸ್ಕ್ರೋಲ್ ಮಾಡುತ್ತಿರುತ್ತಾರೆ.

ಗಣಿತದ ಟೀಚರ್

ಬರೆದಿದ್ದು ತುಂಬಾ ಒಳ್ಳೆಯದಾಯಿತಮ್ಮ. ಕೊನೆಯ ಮಾತು ನಿಜ. ಟೆಸ್ಟ್ ಹೊತ್ತಿನಲ್ಲಿ ನಾನೂ ನೋಡಿದ್ದೇನೆ, ಅದು ತಪ್ಪು. ನಾಳೆಯಿಂದ ನನ್ನ ಮೊಬೈಲ್ ಸ್ಟಾಫ್ ರೂಮಿನಲ್ಲೇ ಇರುತ್ತದೆ.

ಟೈಪ್ 1 ಮಗನ ಅಪ್ಪ

ಇಷ್ಟೊತ್ತು ಓದಿದೆ. ಎಲ್ಲರೂ ಮೊಬೈಲ್ ಅಂದರೆ ಮೆಸೇಜ್, ಫೋಟೋ, ಆಟ ಅಂತ ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಅದು ಬೇರೆಯೇ ವಸ್ತು.

ನನ್ನ ಮಗನಿಗೆ 12 ವರ್ಷ, ಟೈಪ್ 1 ಮಧುಮೇಹ. ತೋಳಿನ ಹಿಂದೆ ನಾಣ್ಯದಷ್ಟು ದೊಡ್ಡ ಸೆನ್ಸರ್ ಅಂಟಿಸಿದೆ. ಅದರಿಂದ ಒಂದು ಸಣ್ಣ ಎಳೆ ಚರ್ಮದ ಕೆಳಗೆ ಇಳಿದಿದೆ. ಐದೈದು ನಿಮಿಷಕ್ಕೆ ಸಕ್ಕರೆಯ ಮಟ್ಟ ಅಳೆದು ಬ್ಲೂಟೂತ್ ಮೂಲಕ ಅವನ ಮೊಬೈಲಿಗೆ ಕಳಿಸುತ್ತದೆ. ಅಲ್ಲಿಂದ ಅದೇ ನಂಬರ್ ನನ್ನ ಮೊಬೈಲಿಗೂ ಬರುತ್ತದೆ. 70ಕ್ಕಿಂತ ಕೆಳಗೆ ಇಳಿದರೆ ಎರಡೂ ಕಡೆ ಅಲಾರಂ ಕೂಗುತ್ತದೆ. ಆಗ ಅವನು ತಕ್ಷಣ ಗ್ಲೂಕೋಸ್ ಮಾತ್ರೆ ಬಾಯಿಗೆ ಹಾಕಿಕೊಳ್ಳಬೇಕು. ತಡವಾದರೆ ಕೈ ನಡುಗುತ್ತದೆ, ಬೆವರುತ್ತಾನೆ, ಮಾತು ತೊದಲುತ್ತದೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪಬಹುದು.

ಹಿಂದಿದ್ದ ಶಾಲೆಯಲ್ಲಿ ಹೊಸ ನಿಯಮ ಬಂದ ದಿನ, ತಿಳಿಯದ ಒಬ್ಬರು ಎಲ್ಲರ ಜೊತೆ ಅವನ ಮೊಬೈಲನ್ನೂ ತೆಗೆದು ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆ ಕೆಳಗಿನ ಮಹಡಿಯಲ್ಲಿ, ಕ್ಲಾಸು ಮೇಲೆ. ಬ್ಲೂಟೂತ್ ಅಷ್ಟು ದೂರ ಹೋಗಲ್ಲ. ನನ್ನ ಪರದೆಯಲ್ಲಿ ನಂಬರ್ ಇರುವ ಜಾಗದಲ್ಲಿ ಬರೀ ಗೆರೆ. ಕೆಲಸ ಬಿಟ್ಟು ಓಡಿದೆ. ಅವನು ಆರಾಮಾಗಿಯೇ ಇದ್ದ. ಆದರೆ ಅವನಿಗೆ ಬೇಜಾರಾಗಿದ್ದೇ ಬೇರೆ ಕಾರಣಕ್ಕೆ. ಎಲ್ಲರೆದುರು "ನನಗೆ ಕಾಯಿಲೆ ಇದೆ, ಅದಕ್ಕೆ ಮೊಬೈಲ್ ಬೇಕು" ಅಂತ ಕೂಗಿ ಹೇಳಬೇಕಾಗಿ ಬಂದಿತ್ತು. ಕ್ಲಾಸಿನ ಅರ್ಧ ಮಕ್ಕಳಿಗೆ ಅಲ್ಲಿಯವರೆಗೂ ಅದು ಗೊತ್ತಿರಲಿಲ್ಲ.

ಹೀಗಾಗಿ ವಿನಾಯಿತಿ ಕೊಡುತ್ತೇವೆ ಅಂದರೆ ಸಾಲದು. ನಿಯಮ ಬರುವ ಮೊದಲೇ ಯಾವ ಮಗುವಿಗೆ, ಯಾವ ಕಾರಣಕ್ಕೆ ಅಂತ ಬರೆದಿಟ್ಟಿರಬೇಕು. ಅದು ಪ್ರತಿಯೊಬ್ಬ ಟೀಚರ್‌ಗೂ, ಬದಲಿಗೆ ಬರುವ ಟೀಚರ್‌ಗೂ ಗೊತ್ತಿರಬೇಕು. ಮಗು ಬಾಯಿಬಿಟ್ಟು ಬೇಡಬೇಕಾದ ಪರಿಸ್ಥಿತಿ ಬರಬಾರದು. ಕಿವಿ ಕೇಳಿಸುವ ಯಂತ್ರವನ್ನು ಮೊಬೈಲಿಗೆ ಜೋಡಿಸಿಕೊಂಡಿರುವ ಮಕ್ಕಳಿಗೂ, ಕಣ್ಣು ಕಾಣದೆ ಮೊಬೈಲಿನಿಂದ ಓದಿಸಿಕೊಳ್ಳುವ ಮಕ್ಕಳಿಗೂ ಇದೇ ಮಾತು.

ವಿಜ್ಞಾನದ ಟೀಚರ್

ಮೊಬೈಲ್ ಪರವಾಗಿ ನಾನೊಬ್ಬ ಮಾತಾಡಬೇಕು. ಅದರೊಳಗೆ ವೇಗೋತ್ಕರ್ಷ ಅಳೆಯುವ ಸೆನ್ಸರ್ ಇದೆ, ಬೆಳಕು ಅಳೆಯುವುದಿದೆ, ಮೈಕ್ ಇದೆ. ದಾರಕ್ಕೆ ಕಟ್ಟಿ ಲೋಲಕದಂತೆ ತೂಗಿಬಿಟ್ಟರೆ ಗ್ರಾಫ್ ಕಣ್ಣೆದುರೇ ಮೂಡುತ್ತದೆ. ಮಕ್ಕಳು ಬಾಯಿ ತೆರೆದುಕೊಂಡು ನೋಡುತ್ತಾರೆ. ಪ್ರಯೋಗಾಲಯ ಸರಿ ಇಲ್ಲದ ಕಡೆ ಇದು ಚಿಕ್ಕ ಸಹಾಯವಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಇದೇ ಮೊಬೈಲ್ ಹಿಡಿದುಕೊಂಡೇ ಪಾಠ ಕೇಳಿ ಅಂದವರು ನಾವೇ ಅಲ್ವಾ?

ಗಣಿತದ ಟೀಚರ್

ಲೋಲಕದ ಪಾಠಕ್ಕೆ ನನ್ನ ವಿರೋಧ ಇಲ್ಲ ಸರ್. ಅದಕ್ಕೆ ಪ್ರತಿ ಮಗುವಿನ ಸ್ವಂತ ಮೊಬೈಲ್ ಬೇಕಾ? ಗುಂಪಿಗೆ ಒಂದು, ಸಿಮ್ ಇಲ್ಲದ ಶಾಲೆಯ ಮೊಬೈಲ್ ಸಾಕಾಗಬಹುದು. ಒಳ್ಳೆ ಮೊಬೈಲ್ ಇಲ್ಲದ ಮಗುವೂ ಆಗ ಮುಜುಗರ ಇಲ್ಲದೆ ಸೇರಿಕೊಳ್ಳುತ್ತದೆ.

ವಿಜ್ಞಾನದ ಟೀಚರ್

ಶಾಲೆ ಕೊಡಿಸಿದರೆ ಸರಿ. ಹಳೆಯ ನಾಲ್ಕು ಸೆಟ್ ಇದ್ದರೂ ನನಗೆ ಸಾಕು.

ಕಾನೂನು ಗಮನಿಸುವವರು

ಬೇರೆ ಬೇರೆ ಕಡೆ ಏನು ಮಾಡಿದರು ಅಂತ ನೋಡಿದರೆ ಸಭೆಗೆ ಉಪಯೋಗವಾಗಬಹುದು.

ಫ್ರಾನ್ಸ್ 2018ರಲ್ಲಿ ಕಾನೂನು ತಂದು ಸುಮಾರು 15 ವರ್ಷದವರೆಗಿನ ಮಕ್ಕಳಿಗೆ ಶಾಲೆಯೊಳಗೆ ಬಳಕೆ ನಿಲ್ಲಿಸಿತು. ಮೊಬೈಲ್ ಬ್ಯಾಗಿನಲ್ಲೇ ಇದ್ದರೆ ಕಾಯುವುದು ಕಷ್ಟ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ 2024ರಲ್ಲಿ ಸುಮಾರು 200 ಶಾಲೆಗಳಲ್ಲಿ ಬಾಗಿಲಲ್ಲೇ ಮೊಬೈಲ್ ಕೊಟ್ಟು ಒಳಗೆ ಹೋಗುವ ಪ್ರಯೋಗ ಶುರು ಮಾಡಿದರು. ಟೀಚರ್ ಹೇಳಿದ ತೊಂದರೆಯನ್ನೇ ಅವರೂ ಕಂಡರು ಅನ್ನಬಹುದು. ನೆದರ್‌ಲ್ಯಾಂಡ್ಸ್ 2024ರ ಜನವರಿಯಿಂದ ಹೈಸ್ಕೂಲ್ ಕ್ಲಾಸುಗಳಿಂದ ಮೊಬೈಲ್ ಹೊರಗಿಟ್ಟಿತು. ಬ್ರೆಜಿಲ್ 2025ರ ಜನವರಿಯಲ್ಲಿ ದೇಶಕ್ಕೆಲ್ಲ ಕಾನೂನು ಮಾಡಿತು. ಅದರಲ್ಲಿ ಕಲಿಕೆ, ಆರೋಗ್ಯ, ಅಂಗವಿಕಲತೆ ಇವಕ್ಕೆ ಬಾಗಿಲು ತೆರೆದಿಟ್ಟಿದ್ದಾರೆ. ದೆಹಲಿ ಹೈಕೋರ್ಟ್ 2025ರಲ್ಲಿ, ಪೂರ್ತಿ ನಿಷೇಧ ಬೇಡ, ಅದು ನಡೆಯುವಂಥದ್ದೂ ಅಲ್ಲ ಎಂದಿತು. ಆದರೆ ಕ್ಲಾಸಿನಲ್ಲಿ ಬಳಸಬಾರದು, ಸಾಧ್ಯವಾದ ಕಡೆ ಶಾಲೆಯೇ ಜೋಪಾನವಾಗಿ ಇಟ್ಟುಕೊಳ್ಳಬೇಕು ಎಂದೂ ಹೇಳಿತು. ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆ ಯುನೆಸ್ಕೋ 2023ರಲ್ಲಿ ಲೆಕ್ಕ ಹಾಕಿದಾಗ ಶಾಲೆಯಲ್ಲಿ ಮೊಬೈಲ್ ನಿಷೇಧಿಸುವ ನಿಯಮ ಇದ್ದದ್ದು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ ದೇಶಗಳಲ್ಲಿ. 2024 ಮುಗಿಯುವ ಹೊತ್ತಿಗೆ ಅದು ಶೇ. 40ಕ್ಕೆ ಬಂತು.

ನನಗೆ ಜಾಸ್ತಿ ಕಾಡುವುದು ನ್ಯೂಯಾರ್ಕ್ ನಗರದ ಕಥೆ. ಅಲ್ಲಿ 2006ರ ಹೊತ್ತಿಗೇ ಮೊಬೈಲ್ ನಿಷೇಧವನ್ನು ಬಿಗಿ ಮಾಡಿದ್ದರು. ಆದರೆ ಎಲ್ಲ ಶಾಲೆಗಳಲ್ಲೂ ಒಂದೇ ಥರ ನಡೆಯಲಿಲ್ಲ. ಬಾಗಿಲಲ್ಲಿ ಲೋಹ ಪತ್ತೆ ಯಂತ್ರ ಇದ್ದ ಶಾಲೆಗಳಲ್ಲಿ ಮಾತ್ರ ಮೊಬೈಲ್ ಒಳಗೆ ಒಯ್ಯುವುದು ಕಷ್ಟವಾಗಿತ್ತು. ಅವು ಹೆಚ್ಚಾಗಿ ಬಡ ಮಕ್ಕಳ ಶಾಲೆಗಳು. ಆ ಮಕ್ಕಳು ಹೊರಗೆ ನಿಂತ ವ್ಯಾನುಗಳಲ್ಲಿ ದಿನಕ್ಕೆ ಒಂದು ಡಾಲರ್ ಕೊಟ್ಟು ಮೊಬೈಲ್ ಇಟ್ಟು ಹೋಗುತ್ತಿದ್ದರು. ಉಳಿದ ಶಾಲೆಗಳಲ್ಲಿ ಕಣ್ಣಿಗೆ ಕಾಣದಿದ್ದರೆ ಸಾಕು ಅನ್ನುವಂತಿತ್ತು. ಕೊನೆಗೆ 2015ರಲ್ಲಿ ಆ ನಿಷೇಧ ತೆಗೆದರು. ಅಪ್ಪ ಅಮ್ಮಂದಿರಿಗೆ ಮಕ್ಕಳ ಜೊತೆ ಮಾತಾಡಲು ಆಗಬೇಕು ಅನ್ನೋದು ಒಂದು ಮುಖ್ಯ ಕಾರಣ. ಈಗ ಮತ್ತೆ 2025ರ ಸೆಪ್ಟೆಂಬರ್‌ನಿಂದ ಇಡೀ ನ್ಯೂಯಾರ್ಕ್ ರಾಜ್ಯದಲ್ಲಿ ಬೆಲ್‌ನಿಂದ ಬೆಲ್‌ವರೆಗೆ ಬಂದ್. ಈ ಸಲ ಮಗುವನ್ನು ಸಂಪರ್ಕಿಸಲು ಪೋಷಕರಿಗೆ ಶಾಲೆಯೇ ಒಂದು ದಾರಿ ಮಾಡಿಕೊಡಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ.

ಇಬ್ಬರು ಮಕ್ಕಳ ಅಮ್ಮ

ಆ ಕೊನೆ ಸಾಲನ್ನು ಎರಡು ಸಲ ಓದಿದೆ. ನಾನು ಕೇಳಿದ್ದು ಅಷ್ಟೇ.

ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವವಳು

ಎಲ್ಲರೂ "ತೆಗೆದಿಡಿ" ಅನ್ನುತ್ತೀರಿ. ತೆಗೆದಿಡುವವಳು ನಾನು. ನಮ್ಮಲ್ಲಿ ಇದು ಶುರುವಾಗಿ ಒಂದು ವರ್ಷ ದಾಟಿತು, ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಮೊದಲು ಒಂದು ದೊಡ್ಡ ಪೆಟ್ಟಿಗೆ ಇಟ್ಟರು. ಒಂದೇ ವಾರಕ್ಕೆ ಒಂದು ಪರದೆ ಒಡೆಯಿತು. ಯಾರು ದುಡ್ಡು ಕೊಡಬೇಕು ಅಂತ ಎರಡು ತಿಂಗಳು ಜಗಳ. ಆಮೇಲೆ ಪ್ರತಿ ಕ್ಲಾಸಿಗೆ ಗೂಡುಗಳಿರುವ ಒಂದು ಟ್ರೇ ಬಂತು. ಗೂಡಿನ ಮೇಲೆ ಮಗುವಿನ ರೋಲ್ ನಂಬರ್. ಬೆಳಗ್ಗೆ ಹಾಜರಿ ಕೂಗುವಾಗಲೇ ಮೊಬೈಲ್ ಗೂಡಿಗೆ ಹೋಗುತ್ತದೆ. ಖಾಲಿ ಗೂಡು ಇದ್ದರೆ "ಇವತ್ತು ತಂದಿಲ್ಲ" ಅಂತ ಮಗು ಸಹಿ ಹಾಕುತ್ತದೆ. ಟ್ರೇಗಳು ನನ್ನ ಕೋಣೆಯ ಬೀರುವಿಗೆ ಬಂದು ಬೀಗ ಬೀಳುತ್ತದೆ. ಸಂಜೆ ಕೊನೆ ಪೀರಿಯಡ್‌ಗೆ ಐದು ನಿಮಿಷ ಮೊದಲು ವಾಪಸ್ ಹೋಗುತ್ತವೆ. ಮೊದಲು ಬೆಲ್ ಆದ ಮೇಲೆ ಕೊಡುತ್ತಿದ್ದೆವು. ಆಗ ಬಾಗಿಲಲ್ಲಿ ನೂಕುನುಗ್ಗಲು, ಬಸ್ ತಪ್ಪುತ್ತಿತ್ತು. ಅಯಸ್ಕಾಂತದ ಬೀಗದ ಚೀಲಗಳನ್ನೂ ನೋಡಿದೆವು. ಚೀಲ ಮಗುವಿನ ಹತ್ತಿರವೇ ಇರುತ್ತದೆ, ಹೊರಗೆ ಹೋಗುವಾಗ ಬೀಗ ತೆಗೆಯಬೇಕು. ಅಷ್ಟು ಖರ್ಚು ನಮ್ಮಿಂದ ಆಗಲಿಲ್ಲ.

ಮೋಸ ಇಲ್ಲ ಅನ್ನಲ್ಲ. ಹಳೆಯ ಕೆಟ್ಟ ಮೊಬೈಲನ್ನು ಗೂಡಿಗಿಟ್ಟು ಒಳ್ಳೆಯದನ್ನು ಜೇಬಿನಲ್ಲಿ ಇಟ್ಟುಕೊಳ್ಳುವವರಿದ್ದಾರೆ. ನಾಲ್ಕೈದು ಜನ. ಆದರೆ ಜೇಬಿನಲ್ಲಿದ್ದರೂ ಹೊರಗೆ ತೆಗೆಯಲ್ಲ. ಸುತ್ತ ಯಾರ ಕೈಯಲ್ಲೂ ಇಲ್ಲದಾಗ ಒಬ್ಬರದ್ದು ಬೇಗ ಕಾಣುತ್ತದೆ.

ಈಗ ಆಫೀಸ್ ಫೋನಿನ ವಿಷಯ. ಮೇಲೆ ಒಬ್ಬ ತಾಯಿ ಬರೆದಿದ್ದಾರಲ್ಲ, ಅದು ಓದಿ ನನಗೆ ನೋವಾಯಿತು. ಯಾಕೆಂದರೆ ನಮ್ಮಲ್ಲೂ ಮೊದಲು ಹಾಗೇ ಇತ್ತು. ಒಂದೇ ಲೈನ್. ಶುಲ್ಕ ಕೇಳುವವರು, ಪುಸ್ತಕದವರು, ಪೋಷಕರು, ಎಲ್ಲರಿಗೂ ಅದೇ ನಂಬರ್. ನಾನು ಹಾಜರಿ ಪುಸ್ತಕ ತರಲು ಎದ್ದು ಹೋದರೆ ಎತ್ತುವವರಿಲ್ಲ. ಮೊಬೈಲ್ ನಿಯಮ ಬಂದ ಮೇಲೆ ಮೊದಲ ತಿಂಗಳು ದಿನಕ್ಕೆ 50 ಕರೆ ಬರುತ್ತಿದ್ದವು. ಆಮೇಲೆ ಪೋಷಕರಿಗೆ ಅಂತಲೇ ಬೇರೆ ನಂಬರ್ ಮಾಡಿಸಿದರು. ಶಾಲೆ ನಡೆಯುವಷ್ಟು ಹೊತ್ತು ಆ ಫೋನಿನ ಪಕ್ಕ ಒಬ್ಬರು ಇರಲೇಬೇಕು. ನಾನು ಎದ್ದರೆ ಇನ್ನೊಬ್ಬರು ಬಂದು ಕೂರುತ್ತಾರೆ. ಶಾಲೆ ಬೇಗ ಬಿಟ್ಟರೆ ಮೊದಲು ಮೆಸೇಜ್ ಎಲ್ಲ ಮನೆಗೂ ಹೋಗಬೇಕು, ಆಮೇಲೆ ಮೊಬೈಲ್ ಮಕ್ಕಳ ಕೈಗೆ, ಆಮೇಲೆ ಬಾಗಿಲು. ಈಗ ದಿನಕ್ಕೆ ಏಳೆಂಟು ಕರೆ ಬರುತ್ತವೆ ಅಷ್ಟೇ. ಫೋನ್ ಎತ್ತುತ್ತಾರೆ ಅಂತ ನಂಬಿಕೆ ಬಂದ ಮೇಲೆ ಜನ ಸುಮ್ಮಸುಮ್ಮನೆ ಫೋನ್ ಮಾಡಲ್ಲ.

ಆಟದ ಮೇಷ್ಟ್ರು

ನಮ್ಮಲ್ಲಿ ಮೊಬೈಲ್ ಹೋದ ಮೊದಲ ವಾರ ಬಿಡುವಿನಲ್ಲಿ ಮಕ್ಕಳು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರು. ನನಗೆ ಹೊಟ್ಟೆ ಉರಿಯಿತು. ಬೀರು ತೆಗೆದು ನೋಡಿದರೆ ಗಾಳಿ ಇಲ್ಲದ ಎರಡು ಚೆಂಡು, ದಾರ ಕಿತ್ತ ಒಂದು ಬ್ಯಾಟ್. ಆಡಿ ಅಂದರೆ ಏನಿಟ್ಟುಕೊಂಡು ಆಡೋದು? ಚೆಂಡು, ಸ್ಕಿಪ್ಪಿಂಗ್ ಹಗ್ಗ, ನಾಲ್ಕು ಚೆಸ್ ಬೋರ್ಡ್ ತರಿಸಿದೆವು. ಬಿಡುವಿನಲ್ಲಿ ಲೈಬ್ರರಿ ಬಾಗಿಲು ತೆಗೆದಿಡಲು ಹೇಳಿದೆವು. ಮೂರನೇ ವಾರಕ್ಕೆ ಗಲಾಟೆ ಜಾಸ್ತಿಯಾಯಿತು ಅಂತ ಪಕ್ಕದ ಕ್ಲಾಸಿನ ಟೀಚರ್ ದೂರು ಕೊಟ್ಟರು. ಆ ದೂರು ಕೇಳಿ ನನಗೆ ಖುಷಿಯಾಯಿತು.

ಹತ್ತನೇ ಕ್ಲಾಸ್ ಹುಡುಗಿ

ಆಟ ಆಡೋಕೆ ಇಷ್ಟ ಇಲ್ಲದವರೂ ಇರುತ್ತಾರೆ ಸರ್. ನನಗೆ ಬಿಡುವಿನಲ್ಲಿ ಮಾತಾಡೋಕೆ ಯಾರೂ ಇಲ್ಲದಾಗ ಮೊಬೈಲ್ ನೋಡುತ್ತಿದ್ದರೆ ಒಂಟಿ ಅಂತ ಕಾಣಲ್ಲ. ಅದು ಇಲ್ಲದಿದ್ದರೆ ಎಲ್ಲರಿಗೂ ಕಾಣುತ್ತದೆ. ಲೈಬ್ರರಿ ತೆಗೆದಿಟ್ಟಿದ್ದು ಅದಕ್ಕೇ ಒಳ್ಳೆಯದು.

ಆಟದ ಮೇಷ್ಟ್ರು

ಇದು ನನಗೆ ಹೊಳೆದೇ ಇರಲಿಲ್ಲ. ನಾಳೆ ಗೋಡೆ ಪಕ್ಕ ನಿಂತಿರುವವರ ಹತ್ತಿರ ಹೋಗಿ ಮಾತಾಡಿಸುತ್ತೇನೆ.

ಅಂಕಿಅಂಶ ಓದುವವನು

ಆಫೀಸಿನವರ ಮಾತಿಗೆ ಒಂದು ಸೇರಿಸುತ್ತೇನೆ. ನಿಯಮ ತರುವ ಮೊದಲು ಏನಾದರೂ ಎಣಿಸಿಟ್ಟುಕೊಳ್ಳಿ. ದೊಡ್ಡದೇನೂ ಬೇಡ. ಒಂದು ವಾರದಲ್ಲಿ ಎಷ್ಟು ಸಲ ಪಾಠ ನಿಂತಿತು, ಫೋಟೋ ಬಗ್ಗೆ ಎಷ್ಟು ದೂರು ಬಂತು, ಆಫೀಸಿಗೆ ಎಷ್ಟು ಕರೆ ಬಂತು. ಆರು ತಿಂಗಳ ಮೇಲೆ ಮತ್ತೆ ಎಣಿಸಿ. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಯಾರ ದನಿ ಜೋರೋ ಅವರದ್ದೇ ನಡೆಯುತ್ತದೆ.

ಇಬ್ಬರು ಮಕ್ಕಳ ಅಮ್ಮ

ನನ್ನ ಮಾತು ಸ್ವಲ್ಪ ಬದಲಾಗಿದೆ. ಆ ಹುಡುಗಿ ಬರೆದ ಫೋಟೋ ವಿಷಯ ಓದಿದ ಮೇಲೆ ನನ್ನ ಮಗಳನ್ನು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ನಮ್ಮಲ್ಲೂ ಇದೆ ಅಮ್ಮ" ಅಂದಳು. ನಾನು ಸುರಕ್ಷತೆ ಅಂದರೆ ಬಸ್ಸು, ದಾರಿ ಅಂತ ಮಾತ್ರ ಯೋಚಿಸಿದ್ದೆ. ಫೋನ್ ಎತ್ತುವವರು ಇದ್ದರೆ, ಬೇಗ ಬಿಟ್ಟಾಗ ನಮಗೆ ಮೊದಲು ತಿಳಿಸಿದರೆ, ನಾನು ಸಹಿ ಹಾಕುತ್ತೇನೆ. ಅವೆರಡು ಇಲ್ಲದೆ ಹಾಕಲ್ಲ.

ಗಣಿತದ ಟೀಚರ್

ಇವತ್ತು ಬಿಡುವಿನಲ್ಲಿ ಗೇಟಿನ ಹೊರಗೆ ನಿಂತು ನಮ್ಮ ಶಾಲೆಯ ಆಫೀಸ್ ನಂಬರಿಗೆ ನಾನೇ ಮೂರು ಸಲ ಫೋನ್ ಮಾಡಿದೆ. ಎರಡು ಸಲ ಪೂರ್ತಿ ರಿಂಗ್ ಆಗಿ ಕಟ್ ಆಯಿತು. ಮೂರನೇ ಸಲ ಕೊನೆ ಗಳಿಗೆಯಲ್ಲಿ ಎತ್ತಿದರು, ಓಡಿ ಬಂದವರ ಏದುಸಿರು ಕೇಳಿಸಿತು. ಅಲ್ಲಿ ಇರುವುದೇ ಒಬ್ಬರು, ಅವರದ್ದೇನೂ ತಪ್ಪಿಲ್ಲ.

ಬೆಲ್‌ನಿಂದ ಬೆಲ್‌ವರೆಗೆ ಅನ್ನುವ ನನ್ನ ಅಭಿಪ್ರಾಯ ಬದಲಾಗಿಲ್ಲ. ಆ ಫೋಟೋದ ಮಾತಿನಿಂದ ಇನ್ನೂ ಗಟ್ಟಿಯಾಗಿದೆ. ಬದಲಾಗಿದ್ದು ಸಭೆಯಲ್ಲಿ ಯಾವುದನ್ನು ಮೊದಲು ಕೇಳಬೇಕು ಅನ್ನೋದು. ಮೊದಲು ಪೋಷಕರಿಗೆ ಬೇರೆ ಲೈನ್ ಮತ್ತು ಅದರ ಪಕ್ಕ ಕೂರುವ ಒಬ್ಬರು. ಅದು ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ಗೂಡಿನ ಟ್ರೇ. ಟ್ರೇ ಬರುವ ದಿನವೇ ಸ್ಟಾಫಿಗೂ ಅದೇ ನಿಯಮ.

ಟೈಪ್ 1 ಮಗನ ಅಪ್ಪ, ನಿಮ್ಮನ್ನು ಒಂದು ಕೇಳಬೇಕು. ವಿನಾಯಿತಿ ಬೇಕಾದ ಮಕ್ಕಳಿಗೆ ಒಂದು ಪುಟದ ಹಾಳೆ ಮಾಡಬೇಕು ಅಂದುಕೊಂಡಿದ್ದೇನೆ. ಬದಲಿ ಟೀಚರ್ ಕೂಡ ಒಂದು ನಿಮಿಷದಲ್ಲಿ ಓದಿ ತಿಳಿದುಕೊಳ್ಳುವಂತಿರಬೇಕು. ಅದರಲ್ಲಿ ಏನೇನು ಬರೆಯಬೇಕು?

ಟೈಪ್ 1 ಮಗನ ಅಪ್ಪ

ಈಗಿನ ಶಾಲೆಗೆ ನಾವು ಕೊಟ್ಟಿರುವ ಹಾಳೆಯಲ್ಲಿ ಹೀಗಿದೆ. ಮೊಬೈಲ್ ಮಗನ ಬ್ಯಾಗಿನ ಮುಂದಿನ ಜೇಬಿನಲ್ಲಿ, ಅವನಿಂದ ಕೈ ದೂರದಲ್ಲಿ ಇರಬೇಕು. ಅಲಾರಂ ಬಿಟ್ಟು ಬೇರೆ ಎಲ್ಲ ಸದ್ದು ಬಂದ್. ಅಲಾರಂ ಕೂಗಿದರೆ ಅವನನ್ನು ಏನೂ ಕೇಳಬೇಡಿ, ಮೊದಲು ಮಾತ್ರೆ ತಿನ್ನಲಿ. ಒಬ್ಬನನ್ನೇ ಆಫೀಸಿಗೆ ಕಳಿಸಬೇಡಿ, ಜೊತೆಗೆ ಯಾರಾದರೂ ಇರಲಿ. 15 ನಿಮಿಷಕ್ಕೆ ಮತ್ತೆ ನಂಬರ್ ನೋಡಿ. ನನ್ನ ಮತ್ತು ಅವನ ಅಮ್ಮನ ಫೋನ್ ನಂಬರ್ ಕೆಳಗೆ ದಪ್ಪ ಅಕ್ಷರದಲ್ಲಿದೆ.

ಇನ್ನೊಂದು ಸೇರಿಸಿ, ನಾವು ಮೊದಲ ಸಲ ಬಿಟ್ಟುಬಿಟ್ಟಿದ್ದೆವು. ಸೆನ್ಸರ್ ಬದಲಿಸಿದ ಮೊದಲ ದಿನ ನಂಬರ್ ಏರುಪೇರಾಗುತ್ತದೆ. ಆ ದಿನ ಪರದೆಯ ನಂಬರ್ ಚೆನ್ನಾಗಿದ್ದರೂ ಅವನು "ತಲೆ ಸುತ್ತುತ್ತಿದೆ" ಅಂದರೆ ಅವನ ಮಾತನ್ನೇ ನಂಬಬೇಕು.